ಖಾಲಿ ಬಿದ್ದ ಸಾರ್ವಜನಿಕ ಆಸ್ಪತ್ರೆ ಕಟ್ಟಡದ ಮರುಬಳಕೆ: ಸ್ಥಳೀಯ ಸಂಸ್ಥೆ ತೀರ್ಮಾನಕ್ಕೆ ಬರಬೇಕಾದ ಬಗೆ

ಆಸ್ಪತ್ರೆ ಹೊಸ ಜಾಗಕ್ಕೆ ಸ್ಥಳಾಂತರಗೊಂಡ ಮೇಲೆ ಹಳೆಯ ಕಟ್ಟಡದ ಬೀಗದ ಕೈ ಸ್ಥಳೀಯ ಸಂಸ್ಥೆಯ ಕೈಸೇರುತ್ತದೆ. ಅದನ್ನು ಏನು ಮಾಡಬೇಕು ಎಂಬ ಚರ್ಚೆ ಮೊದಲ ಸಭೆಯಲ್ಲೇ ಶುರುವಾಗುತ್ತದೆ. ಒಬ್ಬ ಸದಸ್ಯರು ಕಾಲೇಜು ಬರಲಿ ಎನ್ನುತ್ತಾರೆ, ಇನ್ನೊಬ್ಬರು ವೃದ್ಧಾಶ್ರಮ ಎನ್ನುತ್ತಾರೆ, ಮತ್ತೊಬ್ಬರು ಕೆಡವಿ ನಿವೇಶನ ಹರಾಜು ಹಾಕಿದರೆ ಬೊಕ್ಕಸಕ್ಕೆ ಹಣ ಬರುತ್ತದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದೂ ತಿರಸ್ಕರಿಸುವಂಥ ಮಾತಲ್ಲ, ಆದರೆ ಎಲ್ಲವೂ ಕೊನೆಯಲ್ಲಿ ಆಡಬೇಕಾದ ಮಾತುಗಳು. ಯಾವ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುತ್ತೇವೆ, ಯಾವುದನ್ನು ನಂತರ ಕೇಳಿಕೊಳ್ಳುತ್ತೇವೆ ಎಂಬುದರ ಮೇಲೆಯೇ ಇಂಥ ಕಟ್ಟಡಗಳ ಭವಿಷ್ಯ ನಿಂತಿರುತ್ತದೆ. ಆ ಕ್ರಮವನ್ನು ಕೌನ್ಸಿಲ್ ಸದಸ್ಯರಿಗೂ ಅಧಿಕಾರಿಗಳಿಗೂ ಆಸಕ್ತ ನಾಗರಿಕರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಮೊದಲು ಚಾವಣಿ, ಆಮೇಲೆ ಚರ್ಚೆ

ಚರ್ಚೆ ಎಷ್ಟು ಕಾಲ ನಡೆದರೂ ಕಟ್ಟಡ ಅದಕ್ಕಾಗಿ ಕಾಯುವುದಿಲ್ಲ. ಖಾಲಿ ಕಟ್ಟಡಕ್ಕೆ ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಆಸ್ಪತ್ರೆ ನಡೆಯುತ್ತಿದ್ದಾಗ ತಾರಸಿಯ ಮಳೆನೀರಿನ ಕೊಳವೆಗೆ ಎಲೆ ಕಸ ಕಟ್ಟಿಕೊಂಡರೆ ಕೆಳಗಿನ ವಾರ್ಡಿನಿಂದ ಅದೇ ದಿನ ದೂರು ಬರುತ್ತಿತ್ತು. ಈಗ ದೂರು ಹೇಳುವವರು ಯಾರೂ ಇಲ್ಲ. ನಿಂತ ನೀರು ಬಿರುಕಿನೊಳಗೆ ಇಳಿದು ಸರಳುಗಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ, ಮತ್ತು ಒಂದು ದಿನದ ಕೂಲಿಯಲ್ಲಿ ಮುಗಿಯಬೇಕಿದ್ದ ಕೆಲಸ ಚಪ್ಪಡಿಯನ್ನೇ ಬದಲಿಸುವ ಕಾಮಗಾರಿಯಾಗಿ ಬೆಳೆಯುತ್ತದೆ. ಆದ್ದರಿಂದ ಕಟ್ಟಡ ಸುಪರ್ದಿಗೆ ಬಂದ ಮೊದಲ ತಿಂಗಳಲ್ಲೇ ಚಾವಣಿ, ಮಳೆನೀರಿನ ಕೊಳವೆ, ಒಡೆದ ಕಿಟಕಿ ಮತ್ತು ನೆಲಮಾಳಿಗೆಯ ಪಂಪು ಸರಿಯಿವೆಯೇ ಎಂದು ನೋಡಿಸಿ ದುರಸ್ತಿ ಮಾಡಿಸಬೇಕು. ವಿದ್ಯುತ್ತನ್ನು ಪೂರ್ತಿ ಕಡಿತಗೊಳಿಸಿದರೆ ಪಂಪು, ಬೆಂಕಿ ಎಚ್ಚರಿಕೆ ವ್ಯವಸ್ಥೆ ಮತ್ತು ಆವರಣದ ದೀಪ ಮೂರೂ ನಿಲ್ಲುತ್ತವೆ. ಇವುಗಳಿಗೆ ಒಂದು ಮಾರ್ಗವನ್ನು ಉಳಿಸಿಕೊಂಡು ಉಳಿದದ್ದನ್ನು ಬೇರ್ಪಡಿಸುವುದು ಸರಿಯಾದ ಕ್ರಮ.

ಕಾವಲುಗಾರರನ್ನು ಇಡುವುದು ದುಂದುವೆಚ್ಚವಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ ಸಾಗಿಸುವ ಕೊಳವೆಗಳು ಸಾಮಾನ್ಯವಾಗಿ ತಾಮ್ರದವು, ವಿದ್ಯುತ್ ಕೇಬಲ್ಲುಗಳಲ್ಲೂ ತಾಮ್ರವಿರುತ್ತದೆ. ಕಳ್ಳರು ಇವನ್ನು ಕೀಳುವಾಗ ಗೋಡೆ, ಸುಳ್ಳುಚಾವಣಿ ಎಲ್ಲವನ್ನೂ ಒಡೆದು ಹೋಗುವುದರಿಂದ, ಕದ್ದ ಲೋಹದ ಬೆಲೆಗಿಂತ ಉಳಿದ ಹಾನಿಯೇ ಹೆಚ್ಚಾಗಿರುತ್ತದೆ.

ಇದೇ ಹಂತದಲ್ಲಿ ಲೆಕ್ಕಪತ್ರದಲ್ಲಿ ಒಂದು ಪ್ರತ್ಯೇಕ ಶೀರ್ಷಿಕೆ ತೆರೆಯಿರಿ. ಕಾವಲು, ವಿಮೆ, ದುರಸ್ತಿ, ವಿದ್ಯುತ್ ಮತ್ತು ಸಿಬ್ಬಂದಿ ಸಮಯ ಸೇರಿ ಖಾಲಿ ಕಟ್ಟಡಕ್ಕೆ ಆಗುತ್ತಿರುವ ವೆಚ್ಚವನ್ನು ಅದರಲ್ಲಿ ನಮೂದಿಸಿ, ಪ್ರತಿ ಸಾಮಾನ್ಯ ಸಭೆಯಲ್ಲೂ ಓದಿಸಿ. ಕಟ್ಟಡವನ್ನು ಹಾಗೇ ಬಿಡುವುದಕ್ಕೆ ಖರ್ಚಿಲ್ಲ ಎಂಬ ಭಾವನೆಯಿಂದಲೇ ವಿಷಯ ಮುಂದಕ್ಕೆ ಹೋಗುತ್ತಿರುತ್ತದೆ. ಷಿಕಾಗೋ ನಗರದ ಹಳೆಯ ಕುಕ್ ಕೌಂಟಿ ಆಸ್ಪತ್ರೆ 1914ರಲ್ಲಿ ಆರಂಭವಾಗಿ 2002ರಲ್ಲಿ ಬಾಗಿಲು ಹಾಕಿತು; ಕೆಡವಬೇಕು, ಉಳಿಸಬೇಕು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು, ಅದು ಹೋಟೆಲ್ ಆಗಿ ತೆರೆದದ್ದು 2020ರಲ್ಲಿ. ನಡುವಿನ 18 ವರ್ಷಗಳನ್ನು ಮರಳಿ ಪಡೆಯಲು ಯಾವ ವಿನ್ಯಾಸಕಾರರಿಗೂ ಸಾಧ್ಯವಿಲ್ಲ.

ಆಸ್ಪತ್ರೆ ಒಳಗೆ ಬಿಟ್ಟುಹೋದದ್ದೇನು

ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ 1987ರಲ್ಲಿ ನಡೆದದ್ದನ್ನು ಖಾಲಿ ಆಸ್ಪತ್ರೆಯ ಹೊಣೆ ಹೊತ್ತ ಪ್ರತಿಯೊಬ್ಬ ಅಧಿಕಾರಿಯೂ ತಿಳಿದಿರಬೇಕು. ಅಲ್ಲಿನ ಒಂದು ಖಾಸಗಿ ವಿಕಿರಣ ಚಿಕಿತ್ಸಾ ಕೇಂದ್ರ ಬೇರೆಡೆಗೆ ಹೋದಾಗ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ತುಂಬಿದ್ದ ಯಂತ್ರವೊಂದು ಹಳೆಯ ಕಟ್ಟಡದಲ್ಲೇ ಉಳಿಯಿತು. ಅದನ್ನು ಗುಜರಿಗೆ ಮಾರಲು ಇಬ್ಬರು ಹೊತ್ತೊಯ್ದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಬೆರಗಾದ ಜನ ಅದನ್ನು ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು, 249 ಮಂದಿಯಲ್ಲಿ ವಿಕಿರಣ ಮಾಲಿನ್ಯ ಪತ್ತೆಯಾಯಿತು, ಕೆಲವು ಮನೆಗಳನ್ನೇ ಕೆಡವಬೇಕಾಯಿತು. ಹಸ್ತಾಂತರದ ಪಟ್ಟಿಯಲ್ಲಿ ಆ ಒಂದು ವಸ್ತುವಿನ ಹೊಣೆ ಯಾರದೆಂದು ನಿಗದಿಯಾಗಿ, ಅದು ಸುರಕ್ಷಿತ ಜಾಗ ಸೇರಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಆದ್ದರಿಂದ ವಿಕಿರಣ ಚಿಕಿತ್ಸೆ ಅಥವಾ ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣಶೀಲ ಔಷಧಗಳನ್ನು ಬಳಸುವ) ವಿಭಾಗವಿದ್ದ ಆಸ್ಪತ್ರೆಯಾದರೆ, ದೇಶದ ಪರಮಾಣು ನಿಯಂತ್ರಣ ಪ್ರಾಧಿಕಾರದಿಂದ ಲಿಖಿತ ಮುಕ್ತಾಯ ಪ್ರಮಾಣಪತ್ರ ಬರುವವರೆಗೆ ಆ ವಿಭಾಗದ ಬಾಗಿಲು ತೆರೆಯಬಾರದು. ಸಾಮಾನ್ಯ ಎಕ್ಸ್-ರೇ ಕೊಠಡಿಯ ವಿಷಯ ಬೇರೆ. ಎಕ್ಸ್-ರೇ ಯಂತ್ರ ವಿದ್ಯುತ್ ಹರಿದಾಗ ಮಾತ್ರ ಕಿರಣ ಹೊರಸೂಸುತ್ತದೆ, ಗೋಡೆಗಳಲ್ಲಿ ವಿಕಿರಣ ಉಳಿದಿರುವುದಿಲ್ಲ; ಈ ಕೊಠಡಿಯ ಬಗ್ಗೆ ಸಾರ್ವಜನಿಕರಲ್ಲಿರುವ ಭಯವನ್ನು ತಿಳಿವಳಿಕೆಯಿಂದಲೇ ನಿವಾರಿಸಬೇಕು. ಅಲ್ಲಿ ಉಳಿಯುವುದು ಕಿರಣ ತಡೆಯಲು ಹಾಕಿದ ಸೀಸ. ಬಾಗಿಲನ್ನು ತಳ್ಳಿದರೆ ಉಳಿದೆಲ್ಲ ಬಾಗಿಲುಗಳಿಗಿಂತ ಭಾರವೆಂದು ಕೈಗೇ ತಿಳಿಯುತ್ತದೆ. ಅಂಚಿನ ಮರ ಎದ್ದಿದ್ದರೆ ಒಳಗಿನ ಬೂದು ಹಾಳೆ ಕಾಣುತ್ತದೆ, ಗಾರೆಯ ಹಿಂದೆಯೂ ಆಳೆತ್ತರಕ್ಕೆ ಅದೇ ಹಾಳೆ ಹೋಗಿರುತ್ತದೆ. ಅದನ್ನು ಕೊರೆಯುವ, ಕತ್ತರಿಸುವ ಕೆಲಸವನ್ನು ಸಾಮಾನ್ಯ ಗುತ್ತಿಗೆದಾರರಿಗೆ ವಹಿಸಬಾರದು.

ಬಾಯ್ಲರ್ ಕೋಣೆಯ ಕೊಳವೆ ಹೊದಿಕೆಯಲ್ಲಿ, ಹಳೆಯ ಚಾವಣಿ ಹಾಳೆಗಳಲ್ಲಿ, ನೆಲದ ಟೈಲ್ಸ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಮಾದರಿ ತೆಗೆದು ಪ್ರಯೋಗಾಲಯದ ವರದಿ ಬರುವ ಮೊದಲು ಯಾವುದನ್ನೂ ಒಡೆಯಬಾರದು. ಥರ್ಮಾಮೀಟರ್ ಮತ್ತು ರಕ್ತದೊತ್ತಡ ಮಾಪಕಗಳಿಂದ ದಶಕಗಳ ಕಾಲ ಚೆಲ್ಲಿದ ಪಾದರಸ ನೆಲದ ಸಂದಿಗಳಲ್ಲೂ ಸಿಂಕುಗಳ ಕೆಳಗಿನ ಬಾಗಿದ ಕೊಳವೆಗಳಲ್ಲೂ ಉಳಿದಿರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕ ಇದೆಯೇ ಎಂದು ಪರೀಕ್ಷಿಸಬೇಕು; 2001ರ ಸ್ಟಾಕ್‌ಹೋಮ್ ಒಡಂಬಡಿಕೆಯಂತೆ ಅಂಥ ಉಪಕರಣಗಳ ಬಳಕೆಯನ್ನು 2025ರೊಳಗೆ ನಿಲ್ಲಿಸಬೇಕಿತ್ತು. ನೆಲದಡಿಯ ಡೀಸೆಲ್ ಟ್ಯಾಂಕ್, ದಹನ ಕುಲುಮೆಯ ಬೂದಿ, ಪ್ರಯೋಗಾಲಯದ ಚರಂಡಿ ಗುಂಡಿ, ಔಷಧ ಉಗ್ರಾಣದ ಉಳಿಕೆ ಇವೂ ಪಟ್ಟಿಯಲ್ಲಿರಲಿ. ನಲ್ಲಿಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ, ಅದರಲ್ಲೂ 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ನ್ಯುಮೋನಿಯಾ ತರುವ ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಂದೆರಡು ಕೊಠಡಿಗಳನ್ನು ತಾತ್ಕಾಲಿಕವಾಗಿ ಬಳಸುವುದಾದರೂ ಕೊಳವೆ ಜಾಲವನ್ನು ತೊಳೆಸಿ, ನೀರನ್ನು ಪರೀಕ್ಷಿಸಿದ ನಂತರವೇ ನಲ್ಲಿ ತಿರುಗಿಸಬೇಕು.

ರೋಗಿಗಳ ದಾಖಲೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಕಪಾಟುಗಳಲ್ಲಿ ಬಿಟ್ಟುಹೋದ ಕಡತಗಳಲ್ಲಿ ಜನರ ಕಾಯಿಲೆ, ಹೆರಿಗೆ, ಮಾನಸಿಕ ಚಿಕಿತ್ಸೆಗಳ ವಿವರವಿರುತ್ತದೆ. ಅವು ರದ್ದಿಯ ಅಂಗಡಿ ಸೇರುವುದು ಅಕ್ಷಮ್ಯ. ಆರೋಗ್ಯ ಇಲಾಖೆಯವರು ಪೂರ್ತಿ ಪಟ್ಟಿ ಮಾಡಿ, ರಸೀದಿ ಕೊಟ್ಟು ಕೊಂಡೊಯ್ಯುವವರೆಗೆ ಆ ಕೋಣೆಗೆ ಮೊಹರು ಹಾಕಿ ಇಡಬೇಕು.

ಈ ಎಲ್ಲ ತಪಾಸಣೆಗೆ ಎಂಜಿನಿಯರುಗಳ ಜೊತೆ, ಆಸ್ಪತ್ರೆಯಲ್ಲಿ ಬಹುಕಾಲ ದುಡಿದ ಎಲೆಕ್ಟ್ರಿಷಿಯನ್, ಪ್ಲಂಬರ್, ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಮತ್ತು ಹಿರಿಯ ದಾದಿಯರನ್ನು ಗೌರವಧನ ಕೊಟ್ಟು ಕರೆಸಿ. ಯಾವ ವಾರ್ಡಿನ ಸ್ನಾನದ ಮನೆಯಿಂದ ಕೆಳಗೆ ಸೋರುತ್ತಿತ್ತು, ಯಾವ ಗೋಡೆಯನ್ನು ನಕ್ಷೆಯಲ್ಲಿ ತೋರಿಸದೆ ಕಟ್ಟಲಾಯಿತು, ಮೊದಲಿನ ಶವಾಗಾರ ಎಲ್ಲಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ಹಕ್ಕುಪತ್ರದ ಸಣ್ಣ ಸಾಲುಗಳು

ಕಟ್ಟಡ ಸಾರ್ವಜನಿಕವೆಂದ ಮಾತ್ರಕ್ಕೆ ಸ್ಥಳೀಯ ಸಂಸ್ಥೆ ಅದನ್ನು ತನ್ನಿಷ್ಟದಂತೆ ಬಳಸಬಹುದೆಂದಲ್ಲ. ನೆಲ ಒಂದು ಇಲಾಖೆಯದು, ಕಟ್ಟಡ ಇನ್ನೊಂದರದು, ನಿರ್ವಹಣೆ ಮೂರನೆಯದರದು ಆಗಿರಬಹುದು. ಅನೇಕ ಹಳೆಯ ಆಸ್ಪತ್ರೆಗಳು ದಾನಿಗಳು ಕೊಟ್ಟ ಜಾಗದಲ್ಲಿ ಎದ್ದಂಥವು. ದಾನಪತ್ರದಲ್ಲಿ ರೋಗಿಗಳ ಸೇವೆಗೆ ಮಾತ್ರ ಎಂಬ ಷರತ್ತೋ, ಉದ್ದೇಶ ಬದಲಾದರೆ ಜಾಗ ವಾರಸುದಾರರಿಗೆ ಮರಳಬೇಕೆಂಬ ಷರತ್ತೋ ಇರುವುದುಂಟು. ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿದ್ದ ಸೇಂಟ್ ಜಾರ್ಜ್ ಆಸ್ಪತ್ರೆ 1980ರಲ್ಲಿ ಜಾಗ ಖಾಲಿ ಮಾಡಿದಾಗ, ಭೂಮಾಲೀಕ ಮನೆತನ ಹಳೆಯ ಕರಾರಿನಲ್ಲಿದ್ದ ಮರುಖರೀದಿ ಹಕ್ಕನ್ನು ಚಲಾಯಿಸಿ ಜಾಗವನ್ನು ಮರಳಿ ಪಡೆಯಿತು. ಇಂದು ಅಲ್ಲಿ ಐಷಾರಾಮಿ ಹೋಟೆಲ್ ಇದೆ. ಮೂಲ ದಾನಪತ್ರ, ಅನುದಾನದ ಆದೇಶಗಳು, ಬಾಕಿ ಸಾಲ, ಪಾರಂಪರಿಕ ಕಟ್ಟಡದ ಅಧಿಸೂಚನೆ, ವಲಯ ನಿಯಮ ಇವನ್ನೆಲ್ಲ ವಕೀಲರು ಓದಿ ಲಿಖಿತ ಅಭಿಪ್ರಾಯ ಕೊಡುವ ಮೊದಲು ಯಾರಿಗೂ ಭರವಸೆ ನೀಡಬಾರದು.

ಜನ ಕಳೆದುಕೊಂಡದ್ದೇನು

ಆಸ್ಪತ್ರೆ ಸ್ಥಳಾಂತರವಾದಾಗ ಸುತ್ತಲಿನವರಿಗೆ ನಿಜವಾಗಿ ಏನು ತಪ್ಪಿತು ಎಂಬ ಪ್ರಶ್ನೆ ಸಭೆಗಳಲ್ಲಿ ಅಪರೂಪಕ್ಕೆ ಏಳುತ್ತದೆ. ಹೊಸ ಆಸ್ಪತ್ರೆ ದೊಡ್ಡದಿರಬಹುದು, ಯಂತ್ರಗಳು ಉತ್ತಮವಿರಬಹುದು. ಆದರೆ ಮೊದಲು ನಡೆದುಹೋಗಿ ಇನ್ಸುಲಿನ್ ತರುತ್ತಿದ್ದ ವೃದ್ಧೆಗೆ ಈಗ ಎರಡು ಬಸ್ಸು ಹತ್ತಬೇಕಾಗಿದೆಯೇ? ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಡಯಾಲಿಸಿಸ್, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುವುದು ಇಂಥ ನಿತ್ಯದ ಅಗತ್ಯಗಳಿಗೆ ಜನ ಈಗ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ಹೊರರೋಗಿ ದಾಖಲೆಗಳಿಂದಲೂ ಮನೆಮನೆ ವಿಚಾರಣೆಯಿಂದಲೂ ತಿಳಿದುಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ, ಉಳಿದ ಕಟ್ಟಡ ಏನೇ ಆಗಲಿ, ನೆಲಮಹಡಿಯ ಒಂದು ಭಾಗವನ್ನು ಪ್ರಾಥಮಿಕ ಆರೋಗ್ಯ ಸೇವೆಗೆ ಮೀಸಲಿಡಲಾಗದು ಎಂದು ವಾದಿಸುವವರು ಕಾರಣ ಕೊಡಬೇಕೇ ಹೊರತು, ಮೀಸಲಿಡಿ ಎಂದು ಕೇಳುವವರಲ್ಲ.

ಜನಾಭಿಪ್ರಾಯ ಪಡೆಯುವ ಸಭೆಯನ್ನು ಸಾಧ್ಯವಾದರೆ ಆ ಕಟ್ಟಡದಲ್ಲೇ, ಸುರಕ್ಷಿತವೆಂದು ದೃಢಪಟ್ಟ ಭಾಗದಲ್ಲಿ ನಡೆಸಿ. ಕೆಲಸಕ್ಕೆ ಹೋಗುವವರಿಗೆ ಸಂಜೆ, ಮಕ್ಕಳಿರುವ ತಾಯಂದಿರಿಗೆ ಹಗಲು ಎಂದು ಬೇರೆ ಬೇರೆ ಹೊತ್ತಿನಲ್ಲಿ ಕರೆಯಿರಿ. ನಿಮಗೆ ಇಲ್ಲಿ ಏನು ಬೇಕು ಎಂದು ಮಾತ್ರ ಕೇಳಿದರೆ ಆಸೆಗಳ ಪಟ್ಟಿ ಸಿಗುತ್ತದೆ. ನಿಮ್ಮ ದಿನದಲ್ಲಿ ಯಾವ ಕೆಲಸಕ್ಕೆ ದೂರ ಹೋಗಬೇಕಾಗಿದೆ ಎಂದು ಕೇಳಿದರೆ ಅಗತ್ಯಗಳು ಹೊರಬರುತ್ತವೆ. ಹುಟ್ಟು ಸಾವುಗಳೆರಡನ್ನೂ ಕಂಡ ಜಾಗವಾದ್ದರಿಂದ ಕೆಲವರು ನೋವಿನಿಂದ ಮಾತಾಡುತ್ತಾರೆ, ಅವರ ಮಾತನ್ನು ತಡೆಯದೆ ನಡಾವಳಿಯಲ್ಲಿ ದಾಖಲಿಸಬೇಕು. ದಾನಿಗಳ ಶಿಲಾಫಲಕಗಳು ಮತ್ತು ಸ್ಮಾರಕಗಳು ಏನಾಗುತ್ತವೆ ಎಂಬುದನ್ನೂ ಈ ಸಭೆಗಳಲ್ಲೇ ಸ್ಪಷ್ಟಪಡಿಸಿ.

ಕಟ್ಟಡಕ್ಕೆ ಯಾವುದು ಒಗ್ಗುತ್ತದೆ

ಆಸ್ಪತ್ರೆ ಕಟ್ಟಡಗಳೆಲ್ಲ ಒಂದೇ ಬಗೆಯವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಸುಮಾರು ಎರಡನೆಯ ಮಹಾಯುದ್ಧದವರೆಗೆ ಕಟ್ಟಿದ ಅನೇಕ ಆಸ್ಪತ್ರೆಗಳಲ್ಲಿ, ಸೋಂಕು ಹರಡದಿರಲೆಂದು ವಾರ್ಡುಗಳನ್ನು ಬಿಡಿಬಿಡಿಯಾಗಿ, ಉದ್ದಕ್ಕೆ, ಎರಡೂ ಬದಿಗೆ ಎತ್ತರದ ಕಿಟಕಿಗಳಿರುವಂತೆ ಕಟ್ಟುತ್ತಿದ್ದರು. ಇಂಥ ವಾರ್ಡುಗಳು ತರಗತಿ, ಗ್ರಂಥಾಲಯದ ಓದುಕೋಣೆ, ಕುಶಲಕರ್ಮಿಗಳ ಕಾರ್ಯಾಗಾರ, ಸಣ್ಣ ಮನೆಗಳು ಎಲ್ಲಕ್ಕೂ ಹೊಂದಿಕೊಳ್ಳುತ್ತವೆ. ಬಿಡಿ ಕಟ್ಟಡಗಳಾದ್ದರಿಂದ ಒಂದೊಂದನ್ನೇ ದುರಸ್ತಿ ಮಾಡಿ ಒಬ್ಬೊಬ್ಬ ಬಳಕೆದಾರರಿಗೆ ಕೊಡುತ್ತ ಹೋಗಬಹುದು. ಹಣ ಒಮ್ಮೆಗೇ ಬೇಕಾಗುವುದಿಲ್ಲ. ಬಾರ್ಸಿಲೋನಾದ ಸಾಂತ್ ಪಾವ್ ಆಸ್ಪತ್ರೆ 2009ರಲ್ಲಿ ಪಕ್ಕದ ಹೊಸ ಕಟ್ಟಡಕ್ಕೆ ಹೋದ ಮೇಲೆ ಅದರ ಹಳೆಯ ಮಂಟಪಗಳನ್ನು, ಅಂದರೆ ಬಿಡಿ ವಾರ್ಡು ಕಟ್ಟಡಗಳನ್ನು, ಜೀರ್ಣೋದ್ಧಾರ ಮಾಡಿ 2014ರಲ್ಲಿ ಸಾರ್ವಜನಿಕರಿಗೆ ತೆರೆದರು. ಕೆಲವು ಮಂಟಪಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಕಚೇರಿಗಳಿವೆ, ಕೆಲವು ಪ್ರವಾಸಿಗರಿಗೆ ತೆರೆದಿವೆ.

ಯುದ್ಧಾನಂತರದ ಬಹುಮಹಡಿ ಆಸ್ಪತ್ರೆಗಳ ಸ್ವಭಾವ ಬೇರೆ. ಅವುಗಳ ಮಧ್ಯಭಾಗದ ಕೊಠಡಿಗಳಿಗೆ ಕಿಟಕಿಯೇ ಇಲ್ಲ, ಎಲ್ಲವೂ ಯಂತ್ರದ ಗಾಳಿಯ ಮೇಲೆ ನಡೆದಿರುತ್ತವೆ. ಇವನ್ನು ವಸತಿ ಮಾಡಲು ಹೊರಟರೆ ನಡುವಿನ ಜಾಗವೆಲ್ಲ ಕತ್ತಲಾಗಿ ಉಳಿಯುತ್ತದೆ, ಇಲ್ಲವೇ ನಡುವೆ ಬೆಳಕಿನ ಬಾವಿ ಕೊರೆಯಬೇಕಾಗುತ್ತದೆ. ಪ್ರಯೋಗಾಲಯ, ದಾಖಲೆ ಸಂಗ್ರಹ, ತರಬೇತಿ ಕೇಂದ್ರದಂಥ ಬಳಕೆಗಳಿಗೆ ಇವು ಹೆಚ್ಚು ಒಗ್ಗುತ್ತವೆ.

ಭಾರದ ಲೆಕ್ಕವನ್ನು ಅಂದಾಜಿನಲ್ಲಿ ಬಿಡಬೇಡಿ. ವಾರ್ಡಿನ ನೆಲವನ್ನು ಮಂಚ ಮತ್ತು ಜನರ ಭಾರಕ್ಕಷ್ಟೇ ವಿನ್ಯಾಸ ಮಾಡಿರುತ್ತಾರೆ. ಸಾಲುಸಾಲಾಗಿ ಪುಸ್ತಕದ ರ‍್ಯಾಕುಗಳನ್ನಿಟ್ಟರೆ ಸಾಮಾನ್ಯ ಮಾನದಂಡಗಳ ಪ್ರಕಾರ ಅದರ ಮೂರು ಪಟ್ಟು ಅಥವಾ ಅದಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ. ಗ್ರಂಥಾಲಯವೆಂದರೆ ನಿರುಪದ್ರವಿ ಬಳಕೆಯೆಂದು ತೋರಿದರೂ ರ‍್ಯಾಕುಗಳು ನೆಲಮಹಡಿಯಲ್ಲಿರಬೇಕು, ಮೇಲೆ ಓದುಕೋಣೆ ಮಾತ್ರ ಇರಬೇಕು. ಹಾಗೆಯೇ ಭೂಕಂಪ ಮತ್ತು ಅಗ್ನಿ ನಿಯಮಗಳು ಬಳಕೆ ಬದಲಾದ ಕೂಡಲೇ ಹೊಸದಾಗಿ ಅನ್ವಯವಾಗುತ್ತವೆ ಎಂಬುದನ್ನು ಮರೆಯಬಾರದು. ಇನ್ನೊಂದೆಡೆ, ಸ್ಟ್ರೆಚರ್ ಹಾಯುವಷ್ಟು ಅಗಲದ ಓಣಿ, ದೊಡ್ಡ ಲಿಫ್ಟ್, ಇಳಿಜಾರು ದಾರಿ, ಪ್ರತಿ ಮಹಡಿಯಲ್ಲೂ ಹೇರಳ ನೀರಿನ ಸಂಪರ್ಕ ಇವು ಬೇರೆ ಯಾವ ಹಳೆಯ ಕಟ್ಟಡದಲ್ಲೂ ಸುಲಭವಾಗಿ ಸಿಗದ ಸೌಲಭ್ಯಗಳು. ವೃದ್ಧರು ಮತ್ತು ಅಂಗವಿಕಲರು ಬಳಸುವ ಯಾವುದೇ ಸೇವೆಗೆ ಇವು ವರದಾನ.

ಮ್ಯಾಡ್ರಿಡ್‌ನ ಹದಿನೆಂಟನೆಯ ಶತಮಾನದ ಸಾರ್ವಜನಿಕ ಆಸ್ಪತ್ರೆ 1965ರಲ್ಲಿ ಮುಚ್ಚಿತು, ಕೆಡವುವ ಮಾತು ಬಂತು, 1977ರಲ್ಲಿ ಸ್ಮಾರಕವೆಂದು ಘೋಷಣೆಯಾಗಿ ಉಳಿಯಿತು, 1986ರಲ್ಲಿ ರೈನಾ ಸೋಫಿಯಾ ಕಲಾಕೇಂದ್ರವಾಗಿ ತೆರೆಯಿತು. ಲಿಫ್ಟುಗಳಿಗಾಗಿ ಅವರು ಹಳೆಯ ಗೋಡೆಗಳ ಒಳಗನ್ನು ಕೊರೆಯದೆ, ಮುಂಭಾಗಕ್ಕೆ ತಾಗಿದಂತೆ ಹೊರಗಡೆ ಗಾಜಿನ ಗೋಪುರಗಳನ್ನು ನಿಲ್ಲಿಸಿದರು. ಹಳೆಯದಕ್ಕೆ ಹೊಸತನ್ನು ಸೇರಿಸುವಾಗ, ಮುಂದೆಂದಾದರೂ ಬೇಕೆನಿಸಿದರೆ ಬಿಚ್ಚಿ ತೆಗೆಯುವಂತಿರಬೇಕು ಎಂಬ ಷರತ್ತನ್ನು ನಮ್ಮ ವಿನ್ಯಾಸಕಾರರಿಗೂ ವಿಧಿಸುವುದು ಒಳ್ಳೆಯದು.

ಕೆಡವಲೇಬೇಕು ಎಂಬ ತೀರ್ಮಾನಕ್ಕೆ ಬರುವ ಸಂದರ್ಭವೂ ಉಂಟು. ಅಡಿಪಾಯ ಕುಸಿದಿದ್ದರೆ, ಪ್ರವಾಹದ ಹರಿವಿನಲ್ಲೇ ಕಟ್ಟಡವಿದ್ದರೆ ಹಟ ಹಿಡಿಯಬಾರದು. ಆದರೆ ಹೋಲಿಕೆ ಪ್ರಾಮಾಣಿಕವಾಗಿರಲಿ: ಕಲ್ನಾರು ಮತ್ತು ಸೀಸವನ್ನು ಕೆಡವುವ ಮೊದಲೂ ತೆಗೆಯಲೇಬೇಕು, ಅವಶೇಷ ಸಾಗಿಸಬೇಕು, ಅಗೆದ ನೆಲ ತುಂಬಬೇಕು. ಈ ವೆಚ್ಚವನ್ನು ದುರಸ್ತಿಯ ಪಟ್ಟಿಗೆ ಮಾತ್ರ ಸೇರಿಸಿ ಕೆಡವುವ ಪಟ್ಟಿಯಿಂದ ಬಿಟ್ಟಿರುವ ಅಂದಾಜುಗಳನ್ನು ಸಭೆ ಒಪ್ಪಬಾರದು.

ಅಳತೆಗೋಲು ಮೊದಲು, ಪ್ರಸ್ತಾವ ನಂತರ

ಇಷ್ಟಾದ ಮೇಲೆ ಪ್ರಸ್ತಾವಗಳನ್ನು ಆಹ್ವಾನಿಸುವ ಹಂತ ಬರುತ್ತದೆ, ಮತ್ತು ಇಡೀ ಪ್ರಕ್ರಿಯೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ನಿಯಮ ಇಲ್ಲಿದೆ. ಒಂದೇ ಒಂದು ಪ್ರಸ್ತಾವದ ಲಕೋಟೆ ತೆರೆಯುವ ಮೊದಲು, ಯಾವ ಮಾನದಂಡಕ್ಕೆ ಎಷ್ಟು ಅಂಕ ಎಂಬುದನ್ನು ಸಭೆ ಠರಾವಿನ ಮೂಲಕ ನಿಗದಿಪಡಿಸಿ ಪ್ರಕಟಿಸಬೇಕು. ಪ್ರಸ್ತಾವಗಳನ್ನು ನೋಡಿದ ಮೇಲೆ ಮಾನದಂಡ ಬರೆಯಲು ಕುಳಿತರೆ, ಎಷ್ಟೇ ಪ್ರಾಮಾಣಿಕರಾದರೂ ಇಷ್ಟವಾದ ಪ್ರಸ್ತಾವಕ್ಕೆ ತಕ್ಕಂತೆ ಮಾನದಂಡ ರೂಪುಗೊಳ್ಳುತ್ತದೆ. ಜನರ ಅಗತ್ಯಕ್ಕೆ ಎಷ್ಟು ಹತ್ತಿರ, ಕಟ್ಟಡಕ್ಕೆ ಎಷ್ಟು ಒಗ್ಗುತ್ತದೆ, ನಡೆಸಲು ಹಣ ಎಲ್ಲಿಂದ, ಸಾರ್ವಜನಿಕರಿಗೆ ಪ್ರವೇಶ ಎಷ್ಟು, ಎಷ್ಟು ಬೇಗ ಬಾಗಿಲು ತೆರೆಯಬಹುದು, ವಿಫಲವಾದರೆ ಕಟ್ಟಡ ಯಾವ ಸ್ಥಿತಿಯಲ್ಲಿ ಮರಳುತ್ತದೆ ಎಂಬ ಪ್ರಶ್ನೆಗಳು ಆ ಪಟ್ಟಿಯಲ್ಲಿರಬೇಕು. ಕೊಡುವ ಬಾಡಿಗೆಯ ಮೊತ್ತ ಒಂದು ಮಾನದಂಡ ಮಾತ್ರ. ಅದಕ್ಕೇ ಅರ್ಧ ಅಂಕವಿಟ್ಟರೆ ಉಳಿದ ಪರಿಶೀಲನೆಗೆ ಅರ್ಥವಿರುವುದಿಲ್ಲ.

ಮೌಲ್ಯಮಾಪನ ಸಮಿತಿಯಲ್ಲಿರುವವರು ತಮಗೂ ತಮ್ಮ ಬಂಧುಗಳಿಗೂ ಯಾವುದೇ ಪ್ರಸ್ತಾವದಲ್ಲಿ ಹಿತಾಸಕ್ತಿಯಿಲ್ಲವೆಂದು ಲಿಖಿತವಾಗಿ ಘೋಷಿಸಬೇಕು. ತಿರಸ್ಕೃತರಾದವರಿಗೆ ಕಾರಣವನ್ನು ಬರೆದು ಕೊಡಬೇಕು. ಮುಂದೆ ನ್ಯಾಯಾಲಯದಲ್ಲಿ ತೀರ್ಮಾನವನ್ನು ಕಾಪಾಡುವುದೂ ಆ ಬರಹವೇ.

ಹಣದ ವಿಷಯದಲ್ಲಿ ಒಂದೇ ಮಾತು ಸಾಕು: ಕಟ್ಟಲು ಸಿಗುವ ಅನುದಾನವನ್ನು ನೋಡಿ ಮರುಳಾಗದೆ, ಮುಂದಿನ 30 ವರ್ಷ ನಡೆಸುವ ವೆಚ್ಚದ ಲೆಕ್ಕ ಕೇಳಿ. ಹಳೆಯ ಕಟ್ಟಡದ ಗೋಡೆ ಬಿಚ್ಚಿದಾಗ ನಿರೀಕ್ಷಿಸದ್ದು ಕಾಣುವುದು ಖಚಿತವಾದ್ದರಿಂದ ಅಂದಾಜಿನ ಮೇಲೆ ಕನಿಷ್ಠ ಶೇಕಡಾ 20ರಷ್ಟು ಹೆಚ್ಚುವರಿ ಇಟ್ಟುಕೊಳ್ಳುವುದು ವಿವೇಕ.

ನಡುವಿನ ವರ್ಷಗಳು

ಅಂತಿಮ ಯೋಜನೆಗೆ ಮಂಜೂರಾತಿ, ವಿನ್ಯಾಸ, ಟೆಂಡರ್ ಎಂದು ಮೂರು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ. ಅಲ್ಲಿಯವರೆಗೆ ಬೀಗ ಹಾಕಿಡಬೇಕೆಂದಿಲ್ಲ. ಪ್ಯಾರಿಸ್‌ನ ಸೇಂಟ್ ವಿನ್ಸೆಂಟ್ ದ ಪಾಲ್ ಆಸ್ಪತ್ರೆಯ ಸುಮಾರು 3.4 ಹೆಕ್ಟೇರ್ ಆವರಣದಲ್ಲಿ ಹೊಸ ಬಡಾವಣೆ ಕಟ್ಟುವ ಮೊದಲು, 2015ರಿಂದ 2020ರವರೆಗೆ ತಾತ್ಕಾಲಿಕ ಬಳಕೆಗೆ ಅವಕಾಶ ಕೊಡಲಾಯಿತು. ಒಂದು ಹಂತದಲ್ಲಿ ಸುಮಾರು 600 ಮಂದಿ ನಿರ್ವಸಿತರಿಗೆ ಅಲ್ಲಿ ಆಸರೆ ಸಿಕ್ಕಿತು; ಅದೇ ಆವರಣದಲ್ಲಿ ಸಂಘಸಂಸ್ಥೆಗಳು, ಕುಶಲಕರ್ಮಿಗಳು, ಸಣ್ಣ ಉದ್ಯಮಗಳು ಕಡಿಮೆ ಬಾಡಿಗೆಗೆ ಕೆಲಸ ನಡೆಸಿದವು. ಜನ ಓಡಾಡುವ ಕಟ್ಟಡದಲ್ಲಿ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ, ಕಳ್ಳತನ ಕಡಿಮೆಯಾಗುತ್ತದೆ. ಜೊತೆಗೆ ಯಾವ ಬಳಕೆಗೆ ನಿಜವಾದ ಬೇಡಿಕೆಯಿದೆ ಎಂಬುದು ವರದಿಗಳಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ತಾತ್ಕಾಲಿಕ ಬಳಕೆದಾರರಿಗೆ ಹೊರಡುವ ದಿನಾಂಕವನ್ನು ಮೊದಲೇ ಬರೆದುಕೊಡಬೇಕು, ಅಲ್ಲಿ ವಾಸಿಸುವವರಿದ್ದರೆ ಅವರಿಗೆ ಮುಂದಿನ ನೆಲೆ ಸಿದ್ಧಪಡಿಸಿದ ನಂತರವೇ ತೆರವು ಮಾಡಿಸಬೇಕು.

ಕರಾರಿನಲ್ಲಿ ಇರಲೇಬೇಕಾದ ಅಂಶಗಳು

ಮಾರಾಟಕ್ಕಿಂತ ದೀರ್ಘಾವಧಿ ಗುತ್ತಿಗೆ ಮೇಲು ಎಂಬುದು ನನ್ನ ದೃಢವಾದ ನಿಲುವು. ಜನವಸತಿಯ ನಡುವೆ ಅಷ್ಟು ದೊಡ್ಡ ಸಾರ್ವಜನಿಕ ಜಾಗ ಒಮ್ಮೆ ಕೈಬಿಟ್ಟರೆ ಮುಂದಿನ ಪೀಳಿಗೆಗೆ ಅಂಥದ್ದು ಮತ್ತೆ ಸಿಗುವುದಿಲ್ಲ. ಗುತ್ತಿಗೆ ಕರಾರಿನಲ್ಲಿ ಕಾಮಗಾರಿಯ ಹಂತಗಳಿಗೆ ದಿನಾಂಕ ನಿಗದಿಯಾಗಿರಲಿ, ದಿನಾಂಕ ತಪ್ಪಿದರೆ ಎಷ್ಟು ತಿಂಗಳ ನೋಟಿಸಿನ ಮೇಲೆ ಕಟ್ಟಡ ಮರಳಬೇಕು ಎಂಬುದು ಸ್ಪಷ್ಟವಾಗಿರಲಿ. ಪ್ರತಿ ವರ್ಷ ನಿರ್ವಹಣಾ ನಿಧಿಗೆ ಹಣ ಕಟ್ಟುವುದು, ಒಳಗುತ್ತಿಗೆಗೆ ಸಭೆಯ ಒಪ್ಪಿಗೆ ಪಡೆಯುವುದು, ಆರೋಗ್ಯ ಸೇವೆಗೆ ಮೀಸಲಾದ ಭಾಗವನ್ನು ಬೇರೆ ಉದ್ದೇಶಕ್ಕೆ ತೆಗೆದುಕೊಳ್ಳದಿರುವುದು ಕಡ್ಡಾಯವಾಗಿರಲಿ. ಸಾಂಕ್ರಾಮಿಕ ರೋಗ ಅಥವಾ ನೈಸರ್ಗಿಕ ವಿಕೋಪದ ಸಮಯದಲ್ಲಿ ಕಟ್ಟಡದ ಗೊತ್ತುಪಡಿಸಿದ ಭಾಗವನ್ನು ತಾತ್ಕಾಲಿಕವಾಗಿ ಚಿಕಿತ್ಸೆಗೆ ಹಿಂಪಡೆಯುವ ಹಕ್ಕನ್ನೂ, ಅದಕ್ಕೆ ಕೊಡಬೇಕಾದ ಪರಿಹಾರದ ಸೂತ್ರವನ್ನೂ ಈಗಲೇ ಬರೆಯಬೇಕು. 2020ರಲ್ಲಿ ಹಾಸಿಗೆಗಳಿಗಾಗಿ ಆಟದ ಮೈದಾನ, ಸಭಾಂಗಣಗಳನ್ನು ಹುಡುಕಿ ಅಲೆದದ್ದು ಇನ್ನೂ ಹಳೆಯ ಕಥೆಯಾಗಿಲ್ಲ. ಅಗಲದ ಓಣಿಗಳನ್ನು ಕಿರಿದು ಮಾಡದಂತೆ, ಸುಸ್ಥಿತಿಯಲ್ಲಿರುವ ಆಮ್ಲಜನಕದ ಮುಖ್ಯ ಕೊಳವೆಯನ್ನು ಮುಚ್ಚಳ ಹಾಕಿ ಉಳಿಸಿಕೊಳ್ಳುವಂತೆ ಗುತ್ತಿಗೆ ಪಡೆದವರಿಗೆ ಸೂಚಿಸಿದರೆ ಆ ಹಕ್ಕು ಕಾಗದದಲ್ಲೇ ಉಳಿಯದೆ ಬೇಕಾದ ದಿನ ಕೆಲಸಕ್ಕೆ ಬರುತ್ತದೆ. ಕರಾರಿನ ಪೂರ್ಣ ಪಾಠವನ್ನೂ ವಾರ್ಷಿಕ ತಪಾಸಣೆಯ ವರದಿಯನ್ನೂ ಯಾರು ಬೇಕಾದರೂ ಓದುವಂತೆ ಕಚೇರಿಯ ಸೂಚನಾಫಲಕದಲ್ಲಿ ಪ್ರಕಟಿಸಬೇಕು, ತಪಾಸಣೆಗೆ ಹೋಗುವ ತಂಡದಲ್ಲಿ ಸುತ್ತಲಿನ ನಿವಾಸಿಗಳ ಇಬ್ಬರು ಪ್ರತಿನಿಧಿಗಳಾದರೂ ಇರಬೇಕು.